ಬ್ಯಾಂಕ್ ಕತ್ತರಿಸಿದ ಚಾರ್ಜ್ ವಾಪಸ್ ಕೇಳುವ ವ್ಯವಸ್ಥೆ: ಶಾಖೆಯ ಕೌಂಟರ್‌ನಿಂದ ಆರ್‌ಬಿಐ ಒಂಬುಡ್ಸ್‌ಮನ್‌ವರೆಗೆ

ಖಾತೆಯಲ್ಲಿ ದುಡ್ಡಿಲ್ಲದವರಿಗೇ ದಂಡ ಹಾಕುವ ವಿದ್ಯೆ ಬ್ಯಾಂಕುಗಳಿಗೆ ಎಲ್ಲ ದೇಶಗಳಲ್ಲೂ ಕರಗತ. ಹೊರದೇಶಗಳಲ್ಲಿ ಅದಕ್ಕೆ ಓವರ್‌ಡ್ರಾಫ್ಟ್ ಚಾರ್ಜ್ ಎನ್ನುತ್ತಾರೆ. ಖಾತೆಯಲ್ಲಿ ಇಲ್ಲದ ಹಣವನ್ನು ಬ್ಯಾಂಕೇ ಕೊಟ್ಟು, ಕೊಟ್ಟದ್ದಕ್ಕೆ ಶುಲ್ಕ ಹಾಕುತ್ತದೆ. ನಮ್ಮಲ್ಲಿ ಸಾಮಾನ್ಯ ಉಳಿತಾಯ ಖಾತೆಗೆ ಆ ಸೌಲಭ್ಯ ಇರುವುದಿಲ್ಲ. ಆದರೆ ಕನಿಷ್ಠ ಬ್ಯಾಲೆನ್ಸ್ ದಂಡ, ಇಎಂಐ ಬೌನ್ಸ್ ಚಾರ್ಜ್, ಎಟಿಎಂ ಡಿಕ್ಲೈನ್ ಚಾರ್ಜ್, ಓಡಿ (ಓವರ್‌ಡ್ರಾಫ್ಟ್) ಖಾತೆಯ ದಂಡ ಹೀಗೆ ಬೇರೆ ಬೇರೆ ವೇಷದಲ್ಲಿ ಅದೇ ಬಂದು ಕೂತಿದೆ. ಇವುಗಳಲ್ಲಿ ತಪ್ಪಾಗಿ ಕತ್ತರಿಸಿದ್ದನ್ನು ವಾಪಸ್ ಪಡೆಯಲು ಶಾಖೆಯಿಂದ ಹಿಡಿದು ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಅಧಿಕಾರಿಯಾದ ಒಂಬುಡ್ಸ್‌ಮನ್‌ವರೆಗೆ ಇರುವ ವ್ಯವಸ್ಥೆ ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ವಿಷಯ.

ತೀರ್ಪು ಮೊದಲೇ ಹೇಳುವುದಾದರೆ, ವ್ಯವಸ್ಥೆ ಚೆನ್ನಾಗಿದೆ, ಒಂದು ಪೈಸೆ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅದು ಕಾಗದ ನೋಡುತ್ತದೆ, ಕಷ್ಟ ಕೇಳುವುದಿಲ್ಲ. "ದಯವಿಟ್ಟು ಮನ್ನಾ ಮಾಡಿ ಸಾರ್" ಎಂದವರಿಗೆ ಮ್ಯಾನೇಜರ್ ಮನಸ್ಸು ಮಾಡಿದರೆ ಒಂದು ತಿಂಗಳ ಚಾರ್ಜ್ ಬರಬಹುದು. "ಈ ತಾರೀಕಿನ ಈ ಕಡಿತ, ಈ ನಿಯಮಕ್ಕೆ ವಿರುದ್ಧ" ಎಂದು ಬರೆದುಕೊಟ್ಟವರಿಗೆ ಪೂರ್ತಿ ಬರುವ ಸಾಧ್ಯತೆ ಹೆಚ್ಚು.

ಹಾಗಾಗಿ ಮೊದಲ ಕೆಲಸ ದೂರು ಕೊಡುವುದಲ್ಲ, ಸ್ಟೇಟ್‌ಮೆಂಟ್ ತೆಗೆಯುವುದು. ಪಾಸ್‌ಬುಕ್ ಎಂಟ್ರಿ ಸಾಲದು. ಹಲವು ಪಾಸ್‌ಬುಕ್ ಪ್ರಿಂಟರ್‌ಗಳು ವಿವರದ ಕಾಲಮನ್ನು ಅರ್ಧಕ್ಕೇ ಕತ್ತರಿಸುತ್ತವೆ. ನೆಟ್‌ಬ್ಯಾಂಕಿಂಗ್ ಅಥವಾ ಆ್ಯಪ್‌ನಿಂದ ಕನಿಷ್ಠ ಒಂದು ವರ್ಷದ ಪಿಡಿಎಫ್ ಇಳಿಸಿಕೊಂಡು, ಚಾರ್ಜ್ ಸಾಲುಗಳಿಗೆ ಗುರುತು ಹಾಕಿ. ಎಂಎಬಿ, ಎಎಂಬಿ, ಕ್ಯೂಎಬಿ ಎಂದಿದ್ದರೆ ಕನಿಷ್ಠ ಬ್ಯಾಲೆನ್ಸ್ ದಂಡ. ಎಸಿಎಚ್ ರಿಟರ್ನ್, ಈಸಿಎಸ್ ರಿಟರ್ನ್ ಎಂದಿದ್ದರೆ ಕಂತು ಬೌನ್ಸ್ ಆಗಿದ್ದು. ಎಎಂಸಿ ಎಂದಿದ್ದರೆ ಹೆಚ್ಚಾಗಿ ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ. ಏನೆಂದು ತಿಳಿಯದ ಸಾಲಿದ್ದರೆ ಊಹೆ ಮಾಡಬೇಡಿ. ಯಾವ ಶುಲ್ಕ, ದರಪಟ್ಟಿಯ ಯಾವ ಐಟಂ ಎಂದು ಬ್ಯಾಂಕಿಗೆ ಬರೆದು ಕೇಳಿ. ಆ ಪ್ರಶ್ನೆಯೇ ಎಷ್ಟೋ ಸಲ ಅರ್ಧ ಕೆಲಸ ಮುಗಿಸುತ್ತದೆ.

ಗೆಲ್ಲುವ ಸಾಧ್ಯತೆ ಹೆಚ್ಚಿರುವುದು ಕನಿಷ್ಠ ಬ್ಯಾಲೆನ್ಸ್ ದಂಡದಲ್ಲಿ, ಏಕೆಂದರೆ ಇದರ ಬಗ್ಗೆ ಆರ್‌ಬಿಐ ನಿಯಮ ಬಹಳ ಸ್ಪಷ್ಟ. 2014ರ ನವೆಂಬರ್ 20ರ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬ್ಯಾಲೆನ್ಸ್ ಕಡಿಮೆಯಾದ ಕೂಡಲೇ ಬ್ಯಾಂಕು ದಂಡ ಹಾಕುವಂತಿಲ್ಲ. ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು. ತಿಳಿಸಿದ ದಿನದಿಂದ ಕನಿಷ್ಠ ಒಂದು ತಿಂಗಳು ಸಮಯ ಕೊಡಬೇಕು. ಆಮೇಲೂ ತುಂಬದಿದ್ದರೆ ಮಾತ್ರ ದಂಡ. ದಂಡವೂ ಕೊರತೆಯ ಮೊತ್ತಕ್ಕೆ ತಕ್ಕಂತಿರಬೇಕು. ಇಂತಿಷ್ಟು ಶೇಕಡಾ ಎಂದು ಬ್ಯಾಂಕಿನ ದರಪಟ್ಟಿಯಲ್ಲೇ ಇರಬೇಕು. ನೂರು ರೂಪಾಯಿ ಕಮ್ಮಿಯಿದ್ದವನಿಗೂ ಒಂಬತ್ತು ಸಾವಿರ ಕಮ್ಮಿಯಿದ್ದವನಿಗೂ ಒಂದೇ ದಂಡ ಎಂಬುದು ಅಲ್ಲಿಗೆ ಮುಗಿಯಿತು. ಕೊನೆಯದಾಗಿ, ಈ ದಂಡ ಒಂದರಿಂದಲೇ ಖಾತೆ ಮೈನಸ್‌ಗೆ ಹೋಗುವಂತಿಲ್ಲ.

ಈ ಕೊನೆಯ ನಿಯಮ ಹಿಡಿದು ಹೋದವರು ಸುಲಭವಾಗಿ ಗೆಲ್ಲುತ್ತಾರೆ, ಆದರೆ ಒಂದು ಎಚ್ಚರಿಕೆ ಬೇಕು. ಬ್ಯಾಲೆನ್ಸ್ ಮೈನಸ್ ತೋರಿಸುತ್ತಿದ್ದರೆ ಅದಕ್ಕೆ ಕಾರಣ ಕನಿಷ್ಠ ಬ್ಯಾಲೆನ್ಸ್ ದಂಡವೇ, ಅಥವಾ ಕಾರ್ಡ್ ಶುಲ್ಕವೋ ಎಸ್‌ಎಂಎಸ್ ಶುಲ್ಕವೋ ಎಂದು ಸಾಲು ಸಾಲಾಗಿ ನೋಡಬೇಕು. ನಿಯಮ ಹೇಳುವುದು ಮೊದಲನೆಯದರ ಬಗ್ಗೆ ಮಾತ್ರ. ಕೆಲವು ಬ್ಯಾಂಕುಗಳು ಖಾತೆಯನ್ನು ಮೈನಸ್ ಮಾಡದೆ ಬಾಕಿ ದಂಡವನ್ನು ಲಿಯನ್ (ಮುಂದೆ ಬರುವ ಹಣದ ಮೇಲಿನ ಹಿಡಿತ) ಎಂದು ಬರೆದಿಟ್ಟುಕೊಳ್ಳುತ್ತವೆ. ಬ್ಯಾಲೆನ್ಸ್ ಸೊನ್ನೆ ಎಂದೇ ಕಾಣುತ್ತದೆ. ಆರು ತಿಂಗಳ ನಂತರ ಯಾರೋ ಐದು ಸಾವಿರ ಹಾಕಿದರೆ ಅಷ್ಟೂ ತಿಂಗಳ ದಂಡ ಒಂದೇ ಏಟಿಗೆ ಹೋಗುತ್ತದೆ. ಆ್ಯಪ್‌ನಲ್ಲಿ ಖಾತೆಯ ವಿವರ ತೆರೆದರೆ ಲಿಯನ್ ಮೊತ್ತ ಬೇರೆಯಾಗಿ ಕಾಣುತ್ತದೆ. ದುಡ್ಡು ಹಾಕುವ ಮೊದಲು ಅದನ್ನು ನೋಡಿ, ದೂರು ಕೊಡುವಾಗ ಕಡಿತವಾದದ್ದರ ಜೊತೆ ಲಿಯನ್ ತೆಗೆಯುವಂತೆಯೂ ಕೇಳಿ.

ಲೆಕ್ಕ ಬ್ಯಾಂಕಿನದೇ ಸರಿ ಎಂದು ನಂಬಬೇಕಿಲ್ಲ. ತಿಂಗಳ ಸರಾಸರಿ ಎಂದರೆ ಪ್ರತಿದಿನ ರಾತ್ರಿ ಉಳಿದ ಬ್ಯಾಲೆನ್ಸ್ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸುವುದು. 10,000 ರೂಪಾಯಿ ಸರಾಸರಿ ಬೇಕಿರುವ ಖಾತೆಯಲ್ಲಿ, 30 ದಿನದ ತಿಂಗಳಿನಲ್ಲಿ, ಮೊದಲ 5 ದಿನ 40,000 ಇತ್ತು, ಉಳಿದ 25 ದಿನ 3,000 ಇತ್ತು ಎನ್ನಿ. ಮೊದಲ ಭಾಗದ ಮೊತ್ತ 2,00,000, ಎರಡನೆಯದು 75,000, ಒಟ್ಟು 2,75,000. ಭಾಗಿಸಿದರೆ ಸರಾಸರಿ ಸುಮಾರು 9,167. ಕೊರತೆ 833 ರೂಪಾಯಿ. ದರಪಟ್ಟಿಯಲ್ಲಿ "ಕೊರತೆಯ ಶೇ. 6 ಅಥವಾ 500 ರೂ., ಯಾವುದು ಕಡಿಮೆಯೋ ಅದು" ಎಂದಿದ್ದರೆ ದಂಡ 50 ರೂಪಾಯಿ ಆಗಬೇಕು. 500 ಕತ್ತರಿಸಿದ್ದರೆ ಈ ನಾಲ್ಕು ಸಾಲಿನ ಲೆಕ್ಕವನ್ನೇ ಪತ್ರದಲ್ಲಿ ಬರೆಯಿರಿ, ಬೇರೆ ವಾದ ಬೇಡ. ಅಂದಹಾಗೆ ಇದೇ ಉದಾಹರಣೆಯಲ್ಲಿ ತಿಂಗಳ ಕೊನೆಯ ಒಂದು ರಾತ್ರಿ 25,000 ಹೆಚ್ಚಿಗೆ ಇಟ್ಟಿದ್ದರೆ ಸರಾಸರಿ ಸರಿಹೋಗುತ್ತಿತ್ತು. ದಿನವೂ ಹತ್ತು ಸಾವಿರ ಇರಲೇಬೇಕು ಎಂದು ಹೆದರಿ ಕೂರುವವರು ಬಹಳ.

ಬೆಂಗಳೂರಿನಂಥ ಊರಲ್ಲಿ ಈ ದಂಡಕ್ಕೆ ಬಲಿಯಾಗುವುದು ಕೆಲಸ ಬದಲಿಸಿದವರು. ಹಳೆಯ ಕಂಪನಿಯ ಸಂಬಳದ ಖಾತೆ ಹಾಗೇ ಬಿದ್ದಿರುತ್ತದೆ. ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕು ಅದನ್ನು ಮಾಮೂಲಿ ಉಳಿತಾಯ ಖಾತೆಯಾಗಿ ಬದಲಿಸುತ್ತದೆ. ಅಲ್ಲಿಂದ ದಂಡದ ಮೀಟರ್ ಶುರು. ಮುಂಚಿತವಾಗಿ ತಿಳಿಸಿದ ದಾಖಲೆ ಬ್ಯಾಂಕಿನ ಹತ್ತಿರ ಇದೆಯೇ, ಎಸ್‌ಎಂಎಸ್ ಹೋದ ನಂಬರ್ ಯಾವುದು, ದಿನಾಂಕ ಯಾವುದು ಎಂದು ಕೇಳಿ. ಎಷ್ಟೋ ಪ್ರಕರಣಗಳಲ್ಲಿ ಸೂಚನೆ ಹೋಗಿರುವುದು ಕಂಪನಿ ಕೊಟ್ಟಿದ್ದ, ಈಗ ಬಂದ್ ಆಗಿರುವ ಇಮೇಲ್ ವಿಳಾಸಕ್ಕೆ. ಇಲ್ಲಿ ಬ್ಯಾಂಕಿನ ವಾದವೂ ಪೂರ್ತಿ ಸುಳ್ಳಲ್ಲ, ವಿಳಾಸ ಬದಲಾದದ್ದನ್ನು ತಿಳಿಸುವುದು ಗ್ರಾಹಕರ ಕೆಲಸವೇ. ಇಂಥದ್ದರಲ್ಲಿ ಅರ್ಧಕ್ಕೆ ರಾಜಿಯಾಗುವುದುಂಟು.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ನಡೆಯದ ನಿಷ್ಕ್ರಿಯ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ದಂಡ ಹಾಕುವಂತೆಯೇ ಇಲ್ಲ. ಅದನ್ನು ಮತ್ತೆ ಚಾಲೂ ಮಾಡಲೂ ಶುಲ್ಕವಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿರ್ದೇಶನದಲ್ಲಿ ಎರಡೂ ಇವೆ. ಮೂಲ ಉಳಿತಾಯ ಖಾತೆ, ಅಂದರೆ ಬಿಎಸ್‌ಬಿಡಿ ಖಾತೆಗೂ ಕನಿಷ್ಠ ಬ್ಯಾಲೆನ್ಸ್ ಷರತ್ತಿಲ್ಲ. ಜನಧನ್ ಖಾತೆಗಳು ಇದೇ ಬಗೆಯವು. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಈ ದಂಡ ಕೈಬಿಟ್ಟವು. ಆದರೆ ಕೈಬಿಟ್ಟ ದಿನಕ್ಕೂ ಹಿಂದಿನ ದಂಡ ತಾನಾಗಿ ವಾಪಸ್ ಬರುವುದಿಲ್ಲ. ಅದಕ್ಕೆ ಹಳೆಯ ನಿಯಮವನ್ನೇ ಹಿಡಿದು ವಾದಿಸಬೇಕು.

ಇಎಂಐ ಬೌನ್ಸ್ ಕಥೆ ಬೇರೆ. ಇಲ್ಲಿ ಚಾರ್ಜ್ ಎರಡು ಕಡೆಯಿಂದ ಬೀಳುತ್ತದೆ: ಖಾತೆಯಿರುವ ಬ್ಯಾಂಕು ರಿಟರ್ನ್ ಚಾರ್ಜ್ ಹಾಕುತ್ತದೆ, ಸಾಲ ಕೊಟ್ಟ ಸಂಸ್ಥೆ ಬೌನ್ಸ್ ಚಾರ್ಜ್ ಹಾಕುತ್ತದೆ. ಎರಡಕ್ಕೂ ಬೇರೆ ಬೇರೆ ದೂರು ಬೇಕು. ಒಂದರ ಪತ್ರ ಇನ್ನೊಂದಕ್ಕೆ ನಡೆಯುವುದಿಲ್ಲ. ಕಂತು ಭಾನುವಾರ ಬಂದರೆ ಸೋಮವಾರ ಕಟ್ ಆಗುತ್ತದೆ ಎಂಬ ಹಳೆಯ ಲೆಕ್ಕ ಈಗ ನಡೆಯದು. 2021ರ ಆಗಸ್ಟ್ 1ರಿಂದ, ಕಂತುಗಳನ್ನು ಖಾತೆಯಿಂದ ತಾನಾಗಿ ಕತ್ತರಿಸುವ ನಾಚ್ ವ್ಯವಸ್ಥೆ ವಾರದ ಏಳು ದಿನವೂ ಕೆಲಸ ಮಾಡುತ್ತದೆ. ಕಂತಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ದುಡ್ಡು ಹಾಕಿ "ಅದೇ ದಿನ ಹಾಕಿದ್ದೆನಲ್ಲ" ಎಂದರೆ ವಾಪಸ್ ಸಿಗುವುದು ಕಷ್ಟ. ಹಿಂದಿನ ಸಂಜೆಯೇ ಇರಬೇಕು.

ಗೆಲ್ಲುವ ಪ್ರಕರಣಗಳು ಮೂರು ಬಗೆ. ಹಣ ಇದ್ದೂ ತಾಂತ್ರಿಕ ಕಾರಣಕ್ಕೆ ರಿಟರ್ನ್ ಆದದ್ದು, ಸಾಲ ಮುಗಿದ ಮೇಲೂ ಮ್ಯಾಂಡೇಟ್ (ಕಂತು ಕತ್ತರಿಸಲು ಕೊಟ್ಟ ಒಪ್ಪಿಗೆ) ರದ್ದು ಮಾಡದೆ ಸಾಲಸಂಸ್ಥೆ ಮತ್ತೆ ಕಳಿಸಿದ್ದು, ಮತ್ತು ಒಂದೇ ಕಂತನ್ನು ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ಕಳಿಸಿ ಪ್ರತಿಸಲ ಚಾರ್ಜ್ ಬೀಳುವಂತೆ ಮಾಡಿದ್ದು. ಮೂರಕ್ಕೂ ಬ್ಯಾಂಕಿನಿಂದ ರಿಟರ್ನ್ ಕಾರಣವನ್ನು ಬರಹದಲ್ಲಿ ತೆಗೆದುಕೊಳ್ಳಬೇಕು. ಮ್ಯಾಂಡೇಟಿನ ಮೇಲೆ ಯುಎಂಆರ್‌ಎನ್ ಎಂಬ ಉದ್ದನೆಯ ನಂಬರ್ ಇರುತ್ತದೆ. ಅದನ್ನು ದೂರಿನಲ್ಲಿ ಹಾಕಿದರೆ ಹುಡುಕಲು ಆಗಲಿಲ್ಲ ಎಂಬ ನೆಪಕ್ಕೆ ಜಾಗವಿರದು. ಬೌನ್ಸ್ ತಪ್ಪೆಂದು ಒಪ್ಪಿಕೊಂಡ ಸಾಲಸಂಸ್ಥೆ ಸಿಬಿಲ್ ದಾಖಲೆಯನ್ನೂ ಸರಿಪಡಿಸಬೇಕು ಎಂದು ಅದೇ ಪತ್ರದಲ್ಲಿ ಕೇಳಿ. ಐನೂರು ರೂಪಾಯಿಗಿಂತ ಅದು ದೊಡ್ಡ ನಷ್ಟ.

ಎಟಿಎಂ ಚಾರ್ಜ್‌ಗೆ ಮೊತ್ತ ಸಣ್ಣದು, ನಿಯಮ ಗಟ್ಟಿ. ಯಂತ್ರದಲ್ಲಿ ಕ್ಯಾಶ್ ಇಲ್ಲದ್ದು, ನೆಟ್‌ವರ್ಕ್ ಹೋದದ್ದು, ತಪ್ಪು ಪಿನ್ ಒತ್ತಿದ್ದು, ಇವು ಯಾವುವೂ ಉಚಿತ ವ್ಯವಹಾರದ ಲೆಕ್ಕಕ್ಕೆ ಸೇರುವಂತಿಲ್ಲ ಎಂದು 2019ರ ಆಗಸ್ಟ್‌ನಲ್ಲೇ ಆರ್‌ಬಿಐ ಹೇಳಿದೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಬೆಂಗಳೂರಿನಲ್ಲಿ 3, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ 5 ಉಚಿತ. ಲೆಕ್ಕಕ್ಕೆ ಬರುವುದು ಎಟಿಎಂ ಇರುವ ಊರು. ಮೀರಿದ ಮೇಲೆ 2025ರ ಮೇ 1ರಿಂದ ಗರಿಷ್ಠ 23 ರೂಪಾಯಿ, ತೆರಿಗೆ ಬೇರೆ. ದುಡ್ಡು ಬರದೆ ಖಾತೆಯಿಂದ ಮಾತ್ರ ಕಟ್ ಆಗಿದ್ದರೆ ಐದು ದಿನದೊಳಗೆ ವಾಪಸ್ ಹಾಕಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕು ತಾನಾಗಿ ಕೊಡಬೇಕಾದ ಪರಿಹಾರ ಇದು; ಕೊಟ್ಟಿರದಿದ್ದರೆ ದಿನ ಎಣಿಸಿ ಕೇಳಿ.

ನಿಜವಾದ ಓವರ್‌ಡ್ರಾಫ್ಟ್ ಇರುವುದು ಎಫ್‌ಡಿ ಮೇಲಿನ ಓಡಿ, ಸಂಬಳದ ಓಡಿ, ವ್ಯಾಪಾರಿಗಳ ಕರೆಂಟ್ ಖಾತೆಗಳಲ್ಲಿ. ಎಫ್‌ಡಿ ಓಡಿಯಲ್ಲಿ ಆಗುವ ಎಡವಟ್ಟು ಒಂದಿದೆ. ಎಫ್‌ಡಿ ಅವಧಿ ಮುಗಿದು ತಾನಾಗಿ ನವೀಕರಣವಾಗುತ್ತದೆ, ಅದರ ಮೇಲಿನ ಓಡಿ ಮಿತಿ ಮಾತ್ರ ಆಗಿರುವುದಿಲ್ಲ. ಮಿತಿ ಸೊನ್ನೆಯಾಗಿ, ಬಳಸಿದ ಹಣವೆಲ್ಲ ಮಿತಿ ಮೀರಿದ ಬಾಕಿ ಎನಿಸಿ, ದಂಡ ಶುರುವಾಗುತ್ತದೆ. ಇಂಥ ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಎಂದು 2023ರ ಆಗಸ್ಟ್ 18ರ ಸುತ್ತೋಲೆ ಹೇಳುತ್ತದೆ. ಹಳೆಯ ಸಾಲಗಳಿಗೂ 2024ರ ಜೂನ್ 30ರೊಳಗೆ ಇದು ಅನ್ವಯವಾಗಬೇಕಿತ್ತು. ತಿಂಗಳ ಬಡ್ಡಿಯ ಸಾಲಿನಲ್ಲಿ ದರ ಇದ್ದಕ್ಕಿದ್ದಂತೆ ಶೇ. 2 ಏರಿದ್ದರೆ ಹಳೆಯ ದಂಡಬಡ್ಡಿ ಸಾಫ್ಟ್‌ವೇರಿನಲ್ಲಿ ಉಳಿದುಕೊಂಡಿರುವ ಅನುಮಾನ ಪಡಬಹುದು. ಬಡ್ಡಿ ಲೆಕ್ಕದ ಹಾಳೆ ಕೇಳಿ. ಆದರೆ ಓಡಿಯ ಬಡ್ಡಿದರವೇ ಜಾಸ್ತಿಯಾಯಿತು, ವಾರ್ಷಿಕ ನವೀಕರಣ ಶುಲ್ಕ ದುಬಾರಿಯಾಯಿತು ಎಂಬ ದೂರು ಎಲ್ಲೂ ನಿಲ್ಲುವುದಿಲ್ಲ. ಅದು ಬ್ಯಾಂಕಿನ ವಾಣಿಜ್ಯ ತೀರ್ಮಾನ, ಒಂಬುಡ್ಸ್‌ಮನ್ ಅದಕ್ಕೆ ಕೈಹಾಕುವುದಿಲ್ಲ.

ಕೇಳದೇ ಕಟ್ ಆದ ಸರ್ಕಾರಿ ವಿಮೆಗಳಾದ ಜೀವನ್ ಜ್ಯೋತಿಯ 436 ರೂಪಾಯಿ ಮತ್ತು ಸುರಕ್ಷಾ ಬಿಮಾದ 20 ರೂಪಾಯಿಗೆ ಒಂದೇ ಪ್ರಶ್ನೆ ಸಾಕು: ಒಪ್ಪಿಗೆ ಕೊಟ್ಟ ಫಾರಂ ತೋರಿಸಿ.

ಈಗ ಪತ್ರ. ಎರಡು ಪುಟ ಗೋಳು ಬೇಡ, ಇಷ್ಟು ಸಾಕು:

"ವಿಷಯ: ಉಳಿತಾಯ ಖಾತೆಯಿಂದ ಕಡಿತವಾದ ಕನಿಷ್ಠ ಬ್ಯಾಲೆನ್ಸ್ ಶುಲ್ಕ ಮರುಪಾವತಿಗೆ ದೂರು. ನನ್ನ ಖಾತೆಯಿಂದ ಲಗತ್ತಿಸಿದ ಸ್ಟೇಟ್‌ಮೆಂಟಿನಲ್ಲಿ ಗುರುತಿಸಿದ ದಿನಾಂಕಗಳಂದು ಒಟ್ಟು ಇಷ್ಟು ರೂಪಾಯಿ ಶುಲ್ಕ ಮತ್ತು ಇಷ್ಟು ರೂಪಾಯಿ ಜಿಎಸ್‌ಟಿ ಕಡಿತವಾಗಿದೆ. ಆರ್‌ಬಿಐನ 20-11-2014ರ ಸುತ್ತೋಲೆಯಂತೆ ಒಂದು ತಿಂಗಳ ಮುಂಚಿತ ಸೂಚನೆ ನನಗೆ ತಲುಪಿಲ್ಲ. ಕಳಿಸಿದ್ದರೆ ದಿನಾಂಕ, ವಿಧಾನ ಮತ್ತು ನಂಬರ್ ತಿಳಿಸಿ. ಕಳಿಸಿರದಿದ್ದರೆ ಶುಲ್ಕವನ್ನೂ ಜಿಎಸ್‌ಟಿಯನ್ನೂ ನನ್ನ ಖಾತೆಗೆ ಮರಳಿ ಜಮಾ ಮಾಡಿ. ದೂರಿನ ಸಂಖ್ಯೆ ಕೊಡಿ."

ಎರಡು ಪ್ರತಿ ಮಾಡಿ ಒಂದರ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅದೇ ಪತ್ರವನ್ನು ಬ್ಯಾಂಕಿನ ವೆಬ್‌ಸೈಟಿನ ದೂರು ವಿಭಾಗಕ್ಕೆ ಹಾಕಿ, ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಇಮೇಲ್ ಮಾಡಿ. ಶಾಖೆಯೆಂಬ ಮೆಟ್ಟಿಲಿಗೆ ಅಂಕ ಕೊಡುವುದಾದರೆ ಕಡಿಮೆಯೇ. "ಸಿಸ್ಟಂ ತಾನಾಗಿ ಕಟ್ ಮಾಡುತ್ತೆ ಮೇಡಂ, ನಮ್ಮ ಕೈಲಿ ಏನೂ ಇಲ್ಲ" ಎಂಬ ಮಾತು ಎಲ್ಲ ಕೌಂಟರ್‌ಗಳಲ್ಲೂ ಒಂದೇ ರಾಗದಲ್ಲಿ ಬರುತ್ತದೆ. ಇತ್ತೀಚಿನ ಒಂದೆರಡು ತಿಂಗಳ ಚಾರ್ಜ್ ತಿರುಗಿಸುವ ಅಧಿಕಾರ ಮ್ಯಾನೇಜರ್‌ಗೆ ಸಾಮಾನ್ಯವಾಗಿ ಇರುತ್ತದೆ, ಹಳೆಯದಕ್ಕೆ ಮೇಲಿನ ಕಚೇರಿಯ ಅನುಮತಿ ಬೇಕಾಗುತ್ತದೆ. ಕಸ್ಟಮರ್ ಕೇರ್ ಫೋನ್ ಕರೆಯನ್ನು ದೂರು ಎಂದುಕೊಳ್ಳಲೇಬೇಡಿ.

ಹತ್ತು ಅಥವಾ ಹೆಚ್ಚು ಶಾಖೆಗಳಿರುವ ವಾಣಿಜ್ಯ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಎಂಬ ಅಧಿಕಾರಿ ಇರುತ್ತಾರೆ. ಗ್ರಾಹಕರು ಅವರನ್ನು ನೇರವಾಗಿ ಹಿಡಿಯುವಂತಿಲ್ಲ. ಬ್ಯಾಂಕು ದೂರನ್ನು ಪೂರ್ತಿಯಾಗಿ ಅಥವಾ ಭಾಗಶಃ ತಿರಸ್ಕರಿಸುವ ಮುನ್ನ ತಾನೇ ಅವರ ಮುಂದಿಡಬೇಕು. "ಆಂತರಿಕ ಒಂಬುಡ್ಸ್‌ಮನ್ ಪರಿಶೀಲಿಸಿದ್ದಾರೆ" ಎಂಬ ಸಾಲು ತಿರಸ್ಕಾರದ ಉತ್ತರದಲ್ಲಿ ಇಲ್ಲದಿದ್ದರೆ, ಆ ಲೋಪವನ್ನು ಆರ್‌ಬಿಐ ದೂರಿನಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ.

ಆರ್‌ಬಿಐ ಒಂಬುಡ್ಸ್‌ಮನ್ ಯೋಜನೆಯ ಏಕೀಕೃತ ರೂಪ ಶುರುವಾದದ್ದು 2021ರ ನವೆಂಬರ್ 12ರಂದು. ದೂರು ಹಾಕುವ ಜಾಗ ಸಿಎಂಎಸ್ ಪೋರ್ಟಲ್: ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್. ಮೊಬೈಲ್‌ಗೆ ಒಟಿಪಿ ಬರುತ್ತದೆ, ಬ್ಯಾಂಕು ಮತ್ತು ಶಾಖೆ ಆರಿಸಬೇಕು, ಆಮೇಲೆ ಬರುವುದೇ ಮುಖ್ಯ ಪ್ರಶ್ನೆ: ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿದ್ದೀರಾ, ಯಾವಾಗ? ಇಲ್ಲಿ "ಇಲ್ಲ" ಎಂದರೆ ಅಥವಾ ಕೊಟ್ಟು 30 ದಿನ ಆಗಿಲ್ಲದಿದ್ದರೆ, ಬ್ಯಾಂಕಿನ ಉತ್ತರವೂ ಬಂದಿರದಿದ್ದರೆ, ದೂರು ಅಲ್ಲಿಗೇ ಮುಚ್ಚಿಹೋಗುತ್ತದೆ. ಸಿಟ್ಟಿನಲ್ಲಿ ಮೊದಲ ದಿನವೇ ಆರ್‌ಬಿಐಗೆ ಬರೆದವರೆಲ್ಲ ಬೀಳುವ ಗುಂಡಿ ಇದು. ಉಳಿದಂತೆ ಫಾರಂ ಸರಳ. ಪೂರ್ತಿ ಸ್ಟೇಟ್‌ಮೆಂಟ್ ಸುರಿಯುವ ಬದಲು ಚಾರ್ಜ್ ಇರುವ ಪುಟಗಳು, ಬ್ಯಾಂಕಿಗೆ ಕೊಟ್ಟ ದೂರು, ಅವರ ಉತ್ತರ, ದರಪಟ್ಟಿಯ ಸಂಬಂಧಪಟ್ಟ ಪುಟ, ಇಷ್ಟನ್ನು ಒಂದೇ ಪಿಡಿಎಫ್ ಮಾಡಿ. ವಾಪಸ್ ಬೇಕಾದ ಮೊತ್ತದ ಕಾಲಂನಲ್ಲಿ ಜಿಎಸ್‌ಟಿ ಸೇರಿಸಿಯೇ ಬರೆಯಿರಿ. ಓಡಾಟ, ಮನಃಕ್ಲೇಶಕ್ಕೂ ಪರಿಹಾರ ಕೇಳಲು ಅವಕಾಶವಿದೆ, ಆದರೆ 590 ರೂಪಾಯಿ ಚಾರ್ಜ್‌ಗೆ ಲಕ್ಷ ಕೇಳಿದರೆ ದೂರಿನ ತೂಕ ಇಳಿಯುತ್ತದಷ್ಟೆ. ಬ್ಯಾಂಕಿನ ಉತ್ತರ ಬಂದ ಮೇಲೆ ದೂರು ಹಾಕಲು ಕಾಲಮಿತಿಯಿದೆ. ಅದು ಮುಗಿಯುವವರೆಗೆ ಕಾಯಬೇಡಿ, 31ನೇ ದಿನ ಹಾಕಿಬಿಡಿ.

ಪೋರ್ಟಲ್ ಕನ್ನಡದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಹಳ್ಳಿಯ ಗ್ರಾಹಕರನ್ನು ಸೈಬರ್ ಸೆಂಟರ್‌ಗೆ ಓಡಿಸುವುದು ಇದೇ. ಆದರೆ ಅಂಚೆಯ ಮೂಲಕ ಯಾವ ಭಾಷೆಯಲ್ಲಾದರೂ ದೂರು ಕಳಿಸಬಹುದು, ಕನ್ನಡದಲ್ಲೂ. ವಿಳಾಸ: ಸೆಂಟ್ರಲೈಸ್ಡ್ ರಿಸೀಟ್ ಅಂಡ್ ಪ್ರೊಸೆಸಿಂಗ್ ಸೆಂಟರ್, ಭಾರತೀಯ ರಿಸರ್ವ್ ಬ್ಯಾಂಕ್, 4ನೇ ಮಹಡಿ, ಸೆಕ್ಟರ್ 17, ಚಂಡೀಗಢ 160017. ಸಹಿ ಮರೆಯಬೇಡಿ, ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟ್ ಮಾಡಿ. ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿಗೇ ಹೋಗಬೇಕೆಂದಿಲ್ಲ. ವ್ಯಾಪ್ತಿಯ ಗಡಿ ತೆಗೆದುಹಾಕಿರುವುದರಿಂದ ದೂರು ಯಾವ ಊರಿನ ಒಂಬುಡ್ಸ್‌ಮನ್ ಕೈಗಾದರೂ ಹೋಗಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾಹಿತಿ ಸಿಗುತ್ತದೆ.

ದೂರು ಸ್ವೀಕಾರವಾದರೆ ಉತ್ತರಿಸಲು ಬ್ಯಾಂಕಿಗೆ 15 ದಿನ. ಈ ಹಂತದಲ್ಲಿ ಚಿತ್ರವೇ ಬದಲಾಗುತ್ತದೆ. ಎರಡು ತಿಂಗಳು ಫೋನ್ ಎತ್ತದ ಶಾಖೆಯಿಂದಲೇ ಕರೆ ಬರುತ್ತದೆ: "ಅಮೌಂಟ್ ಹಾಕಿದ್ದೀವಿ, ಸಮಸ್ಯೆ ಬಗೆಹರಿದಿದೆ ಅಂತ ಒಂದು ಮೇಲ್ ಹಾಕಿಬಿಡಿ." ಆ ಮೇಲ್ ಹೋದರೆ ದೂರು ಮುಕ್ತಾಯ. ಆದ್ದರಿಂದ ಮೊದಲು ಸ್ಟೇಟ್‌ಮೆಂಟ್ ತೆರೆದು ನೋಡಿ. ಬಹಳ ಸಲ ಬಂದಿರುವುದು 500, ಜಿಎಸ್‌ಟಿಯ 90 ಇಲ್ಲ. ಸರ್ಕಾರಕ್ಕೆ ಕಟ್ಟಿಯಾಯಿತು, ನಮ್ಮ ಹತ್ತಿರ ಇಲ್ಲ ಎನ್ನುತ್ತಾರೆ. ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಪತ್ರ) ಮಾಡಿ ಆ ತೆರಿಗೆ ಹೊಂದಿಸಿಕೊಳ್ಳಲು ಬ್ಯಾಂಕಿಗೆ ದಾರಿಯಿದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅದಕ್ಕೆ ಗಡುವು. ಗಡುವು ದಾಟಿದ ಹಳೆಯ ಚಾರ್ಜ್‌ಗಳಲ್ಲಿ ಬ್ಯಾಂಕು ಮೊಂಡು ಹಿಡಿಯುವುದಕ್ಕೆ ಇದೇ ಕಾರಣ. ಶುಲ್ಕವೇ ತಪ್ಪಾಗಿದ್ದರೆ ಅದರ ಮೇಲಿನ ತೆರಿಗೆಯ ಹೊರೆ ಗ್ರಾಹಕರದ್ದಾಗಬಾರದು ಎಂದು ಒಂದು ಸಾಲು ಬರೆದು, ಅದೂ ಬಂದ ಮೇಲೆ ಒಪ್ಪಿಗೆ ಕೊಡಿ.

ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲೂ ಶುಲ್ಕವಿಲ್ಲ. ಆದರೆ ಅಲ್ಲಿ ದಾವೆ ಬಾಕಿಯಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಚಾರ್ಜ್ ವಾಪಸಾತಿಯಂಥ ಸಣ್ಣ ಮೊತ್ತಕ್ಕೆ ಆರ್‌ಬಿಐ ದಾರಿಯೇ ಮೊದಲು.

ನಮ್ಮ ರಾಜ್ಯದ ಮಟ್ಟಿಗೆ ಒಂದು ಮಾತು. ಗ್ರಾಮೀಣ ಬ್ಯಾಂಕ್ ಆರ್‌ಬಿಐ ಒಂಬುಡ್ಸ್‌ಮನ್ ಯೋಜನೆಗೆ ಒಳಪಡುತ್ತದೆ. 50 ಕೋಟಿ ಅಥವಾ ಹೆಚ್ಚು ಠೇವಣಿಯಿರುವ ಪಟ್ಟಣ ಸಹಕಾರ ಬ್ಯಾಂಕುಗಳೂ ಒಳಪಡುತ್ತವೆ. ಬೀದಿಗೊಂದರಂತೆ ಇರುವ ಸೌಹಾರ್ದ ಸಹಕಾರಿಗಳು, ಪತ್ತಿನ ಸಹಕಾರ ಸಂಘಗಳು ಮಾತ್ರ ಬ್ಯಾಂಕುಗಳಲ್ಲ. ಬೋರ್ಡು ಎಷ್ಟೇ ಬ್ಯಾಂಕಿನಂತೆ ಕಂಡರೂ, ಅಲ್ಲಿ ಕತ್ತರಿಸಿದ ದಂಡದ ಬಗ್ಗೆ ಸಿಎಂಎಸ್‌ನಲ್ಲಿ ದೂರು ಹಾಕಿದರೆ ಪ್ರಯೋಜನವಿಲ್ಲ; ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ ಬರೆಯಬೇಕು.